ಗಾಜಿನ ತೊಟ್ಟಿಯ ಜಲಸಸ್ಯಗಳಿಗೆ ಆಹಾರವನ್ನೊದಗಿಸುವ ಕ್ರಮ

“ಮೀನುಗಳಿರುವ ತೊಟ್ಟಿಯ ಗಿಡಗಳಿಗೆ ಗೊಬ್ಬರವೇತಕ್ಕೆ? ಮೀನಿನ ಕಶ್ಮಲವೇ ಅವಕ್ಕೆ ಸಾಲದೆ?” ಎಂದು ನಮ್ಮ ವಿಜ್ಞಾನದ ಕೊಠಡಿಯನ್ನು ನೋಡಬಂದ ತಾಯ್ತಂದೆಗಳಲ್ಲಿ ಹಲವರು ನಮ್ಮನ್ನು ಕೇಳಿದ್ದಾರೆ. ಪ್ರಶ್ನೆಯು ನ್ಯಾಯವಾದದ್ದೇ. ಆ ಕೊಠಡಿಯ ನೂರು ಲೀಟರಿನ ಅಕ್ವೇರಿಯಮ್ಮಿಗೆ ಒಂಬತ್ತನೆಯ ತರಗತಿಯ ಹುಡುಗಿಯರು ಸರದಿಯ ಪ್ರಕಾರ ಪ್ರತಿ ಸೋಮವಾರ ಅರ್ಧ ನೀರನ್ನು ತೆಗೆದು ಹೊಸ ನೀರನ್ನು ತುಂಬುವುದನ್ನೂ, ಶನಿವಾರದ ವರೆಗೆ ದಿನಕ್ಕೊಮ್ಮೆ ಸಿರಿಂಜಿನಿಂದ ಅಳೆದು ಲವಣದ ನೀರನ್ನು ಹಾಕುವುದನ್ನೂ ಕಂಡವರಿಗೆ, ಇದೊಂದು ಅಲಂಕಾರದ ವಸ್ತುವಿಗೆ ನಡೆಯುವ ಅತಿಯಾದ ಉಪಚಾರವೆಂದು ತೋರಿದರೆ ಆಶ್ಚರ್ಯವಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರು ಓದುತ್ತಿದ್ದ ಕಾಲದಲ್ಲಿ ಅದೇ ಸ್ಥಳದಲ್ಲಿ ಒಂದು ದುಂಡು ಗಾಜಿನ ಭರಣಿಯೂ, ಕೆರೆಯಿಂದ ತಂದ ನಾಲ್ಕು ಎಳೆ ಗಿಡವೂ, ಎರಡು ಮೀನುಗಳೂ ಇದ್ದುವಷ್ಟೆ. ಆ ಭರಣಿಗೆ ಯಾರೂ ಗೊಬ್ಬರ ಹಾಕಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ. ಅಂದು ಬೇಡವಾದದ್ದು ಇಂದು ಏಕೆ ಬೇಕಾಯಿತೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಗಿಡವೂ ಮೀನೂ ಒಂದಕ್ಕೊಂದು ಆಸರೆಯಾಗಿ ಬಾಳುವುವೆಂಬ ವಿಚಾರವು ಹಳೆಯದು. ೧೭೭೯ರಲ್ಲಿ ಇಂಗೆನ್‌ಹೌಸ್ ಎಂಬ ಡಚ್ ವೈದ್ಯನು ನೀರಿನೊಳಗೆ ಮುಳುಗಿಸಿದ ಎಲೆಗಳ ಮೇಲೆ ಬಿಸಿಲಿನಲ್ಲಿ ಸಣ್ಣ ಗುಳ್ಳೆಗಳೇಳುವುದನ್ನೂ, ಕತ್ತಲೆಯಲ್ಲಿ ಅವು ನಿಂತುಹೋಗುವುದನ್ನೂ ಕಂಡು, ಬೆಳಕಿನಲ್ಲಿ ಮಾತ್ರ ಗಿಡದ ಹಸುರು ಭಾಗವು ಆಮ್ಲಜನಕವನ್ನು ಕೊಡುವುದೆಂದು ತೋರಿಸಿದನು. ೧೮೫೦ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಜ್ಞನು ಹನ್ನೆರಡು ಗ್ಯಾಲನ್ನಿನ ಒಂದು ಪಾತ್ರೆಯಲ್ಲಿ ಎರಡು ಚಿಕ್ಕ ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯಾ ಎಂಬ ನೀರುಹುಲ್ಲನ್ನೂ ಇಟ್ಟು ಸಾಕಿದ ವೃತ್ತಾಂತವನ್ನು ಲಂಡನಿನ ರಸಾಯನ ಸಂಘಕ್ಕೆ ತಿಳಿಸಿದನು. ಸತ್ತ ಎಲೆಗಳು ಕೊಳೆತು ನೀರು ಕೆಡತೊಡಗಿದಾಗ ಅವನು ಕೆಲವು ಬಸವನ ಹುಳಗಳನ್ನು ಬಿಟ್ಟನಂತೆ. ಅವು ಕೊಳೆತದ್ದನ್ನು ತಿಂದು ತೊಟ್ಟಿಯನ್ನು ಶುದ್ಧವಾಗಿಟ್ಟುವು. ಇಂಥ ತೊಟ್ಟಿಯ ವಿಷಯದಲ್ಲಿ ನಮ್ಮ ಪೋಷಕರ ಅಭಿಪ್ರಾಯವು ಸರಿಯಾದದ್ದೇ. ಕಿಟಕಿಯ ಮಂದ ಬೆಳಕಿನಲ್ಲಿ ಮೆಲ್ಲಮೆಲ್ಲನೆ ಬೆಳೆಯುವ ಗಿಡಕ್ಕೆ ಮೀನಿನ ಕಶ್ಮಲವೂ ಬುಡದ ಮಣ್ಣೂ ಬಹುಮಟ್ಟಿಗೆ ಸಾಕಾಗುವುವು.

ಈಗಿನ ತೊಟ್ಟಿಯ ರೀತಿಯೇ ಬೇರೆ. ಜಪಾನಿನ ನಿಯಿಗಾತದವರಾದ ತಕಾಶಿ ಅಮಾನೊ ಎಂಬವರು ಮೊದಲು ಸೈಕಲ್ ಪಂದ್ಯಗಾರರಾಗಿದ್ದು ಬಳಿಕ ಛಾಯಾಗ್ರಾಹಕರಾದವರು. ಅವರು ೧೯೮೨ರಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿ, ತೊಟ್ಟಿಯೊಳಗೆ ಗುಡ್ಡ, ಬಂಡೆ, ಹುಲ್ಲುಗಾವಲುಗಳ ನೋಟವನ್ನೇ ಜೀವಂತ ಗಿಡಗಳಿಂದ ನಿರ್ಮಿಸುವ ಪದ್ಧತಿಯನ್ನು ಲೋಕಕ್ಕೆ ಪರಿಚಯ ಮಾಡಿಕೊಟ್ಟರು, ೨೦೧೫ರಲ್ಲಿ ತೀರಿಕೊಂಡರು. ಈ ಪದ್ಧತಿಯಲ್ಲಿ ಪ್ರಖರವಾದ ದೀಪಗಳನ್ನುರಿಸಿ, ಇಂಗಾಲಾಮ್ಲವಾಯುವನ್ನು, ಎಂದರೆ ಈಗಿನ ಪಠ್ಯಪುಸ್ತಕಗಳ ಇಂಗಾಲದ ಡೈಆಕ್ಸೈಡನ್ನು, ಸಿಲಿಂಡರಿನಿಂದ ನೀರಿಗೆ ಬಿಡುವರು. ಹೀಗೆ ಮಾಡಿದಲ್ಲಿ ಗಿಡಗಳ ಬೆಳವಣಿಗೆಯು ಹಲವು ಪಟ್ಟು ಹೆಚ್ಚುವುದು. ಬೆಳವಣಿಗೆ ಹೆಚ್ಚಿದಷ್ಟೂ ಹಸಿವು ಹೆಚ್ಚುವುದೆಂಬುದನ್ನು ಹೇಳಬೇಕಾಗಿಲ್ಲ. ಕೊಟ್ಟಿಗೆಯಲ್ಲಿ ನಿಂತ ಎತ್ತಿಗೂ ಹೊಲದಲ್ಲಿ ಉಳುವ ಎತ್ತಿಗೂ ಒಂದೇ ಅಳತೆಯ ಮೇವನ್ನು ಹಾಕುವ ಒಕ್ಕಲಿಗನುಂಟೆ? ಈ ತೊಟ್ಟಿಯಲ್ಲಿ ಗಿಡವನ್ನು ಉಳುಮೆಗೆ ಹೂಡುವುದು ಬೆಳಕು. ಮಿಕ್ಕ ಎಲ್ಲದರ ಅಳತೆಯೂ ಬೆಳಕಿನ ಅಳತೆಯನ್ನು ಅನುಸರಿಸುವುದೆಂಬುದನ್ನು ನಮ್ಮ ಹುಡುಗಿಯರಿಗೆ ಮೊಟ್ಟಮೊದಲು ಕಲಿಸುತ್ತೇವೆ.

ಗಿಡದ ಆಹಾರಗಳಲ್ಲಿ ಮೊದಲನೆಯದು ಇಂಗಾಲ. ಒಣಗಿಸಿದ ಗಿಡದ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಾಲ್ವತ್ತು ಪಾಲು ಇಂಗಾಲವೇ. ಗಾಳಿಗೆ ತೆರೆದಿಟ್ಟ ನೀರಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚಾಗಿ ಮಾತ್ರ ಇಂಗಾಲಾಮ್ಲವಾಯು ಕರಗಿರುವುದು. ಅಲ್ಲದೆ ಈ ವಾಯುವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಆದುದರಿಂದ ಮುಳುಗಿದ ಎಲೆಯು ತನ್ನ ಸುತ್ತಲಿನ ವಾಯುವನ್ನು ಬೇಗನೆ ತೀರಿಸಿಕೊಂಡು ಹಸಿದಿರುವುದು. ಪ್ರಖರವಾದ ದೀಪವಿರುವ ತೊಟ್ಟಿಯಲ್ಲಿ ಲೀಟರಿಗೆ ೨೦ರಿಂದ ೩೦ ಮಿಲಿಗ್ರಾಮಿನಷ್ಟು ಇಂಗಾಲಾಮ್ಲವಾಯುವನ್ನು ನಿಲ್ಲಿಸುವುದು ರೂಢಿ. ದೀಪವು ಹೊತ್ತುವುದಕ್ಕೆ ಒಂದು ಗಂಟೆ ಮುಂಚೆ ವಾಯುವನ್ನು ಬಿಟ್ಟು, ದೀಪವು ಆರುವಾಗ ನಿಲ್ಲಿಸಬೇಕು. ಏಕೆಂದರೆ ಕತ್ತಲೆಯಲ್ಲಿ ಗಿಡಗಳೂ ಮೀನುಗಳಂತೆಯೇ ಆಮ್ಲಜನಕವನ್ನು ಸೇವಿಸಿ ಇಂಗಾಲಾಮ್ಲವನ್ನು ಬಿಡುತ್ತವೆ. ಇಲ್ಲಿ ಅಜಾಗ್ರತೆಯು ಕೂಡದು. ಗೊಬ್ಬರವು ಸ್ವಲ್ಪ ಹೆಚ್ಚಾದರೆ ಮೀನು ಸಾಯುವುದಿಲ್ಲ. ವಾಯುವು ಮಿತಿಮೀರಿದರೆ ಒಂದೇ ಮಧ್ಯಾಹ್ನದಲ್ಲಿ ತೊಟ್ಟಿಯ ಮೀನೆಲ್ಲವೂ ಸತ್ತುಹೋಗಬಹುದು. ಇದಕ್ಕಾಗಿ ತೊಟ್ಟಿಯೊಳಗೆ ಒಂದು ಪುಟ್ಟ ಗಾಜಿನ ಬುರುಡೆಯನ್ನು ತೂಗುಹಾಕಿ, ಅದರಲ್ಲಿ ಗೊತ್ತಾದ ಗಡಸುತನವುಳ್ಳ ನೀರಿಗೆ ಬ್ರೋಮೋಥೈಮಾಲ್ ಬ್ಲೂ ಎಂಬ ಬಣ್ಣದ ದ್ರವವನ್ನು ಸೇರಿಸಿಟ್ಟಿರುವೆವು. ನೀಲಿಯಿದ್ದರೆ ವಾಯು ಕಡಿಮೆ, ಎಲೆಹಸುರಾದರೆ ಸರಿ, ಹಳದಿಗೆ ತಿರುಗಿದರೆ ಅಪಾಯ. ಆದರೆ ಈ ಬುರುಡೆಯು ಒಂದೆರಡು ಗಂಟೆ ತಡವಾಗಿ ಸುದ್ದಿಯನ್ನು ತಿಳಿಸುವುದು. ಮೀನುಗಳು ಮೇಲಕ್ಕೆ ಬಂದು ಬಾಯ್ದೆರೆದು ಉಸಿರೆಳೆಯುವುದನ್ನು ಕಂಡ ಹುಡುಗಿಯು, ಬಣ್ಣವು ಏನನ್ನೇ ಹೇಳಲಿ, ಯಾರ ಅಪ್ಪಣೆಗೂ ಕಾಯದೆ ಸಿಲಿಂಡರಿನ ಬಿರಡೆಯನ್ನು ಮುಚ್ಚಿ ನೀರನ್ನು ಕದಡಿ ಗಾಳಿಯಾಡಿಸತಕ್ಕದ್ದೆಂದು ಗೋಡೆಯ ಮೇಲೆ ಬರೆದು ಹಾಕಿದ್ದೇವೆ. ನಮ್ಮ ಶಾಲೆಯಲ್ಲಿ ಅಪ್ಪಣೆಯಿಲ್ಲದೆ ಮಾಡಬಹುದಾದ ಕೆಲಸಗಳು ಬಹಳವಿಲ್ಲವಾದ ಕಾರಣ ಹುಡುಗಿಯರು ಈ ನಿಯಮವನ್ನು ಚೆನ್ನಾಗಿ ನೆನಪಿಟ್ಟಿರುತ್ತಾರೆ.

ಗಿಡಗಳಿಗೆ ಅವಶ್ಯವಾದ ಮೂಲವಸ್ತುಗಳು ಒಟ್ಟು ಹದಿನೇಳು. ಇಂಗಾಲ, ಜಲಜನಕ, ಆಮ್ಲಜನಕ ಇವು ಮೂರು ನೀರಿನಿಂದಲೂ ವಾಯುವಿನಿಂದಲೂ ದೊರೆಯುವುವು. ಸಾರಜನಕ, ರಂಜಕ, ಪೊಟ್ಯಾಸಿಯಮ್, ಕ್ಯಾಲ್ಸಿಯಮ್, ಮೆಗ್ನೀಸಿಯಮ್, ಗಂಧಕ ಇವು ಆರು ಹೆಚ್ಚಾಗಿ ಬೇಕು. ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಬೋರಾನ್, ಮಾಲಿಬ್ಡಿನಮ್, ಕ್ಲೋರಿನ್, ನಿಕ್ಕೆಲ್ ಇವು ಎಂಟು ಬಲು ಸೂಕ್ಷ್ಮ ಪ್ರಮಾಣದಲ್ಲಿ ಸಾಕು. ಇವುಗಳಲ್ಲಿ ಯಾವುದು ತನ್ನ ಅವಶ್ಯಕತೆಗೆ ಹೋಲಿಸಿದರೆ ಅತ್ಯಂತ ಕಡಿಮೆಯಾಗಿರುವುದೋ ಅದೇ ಬೆಳವಣಿಗೆಯ ಮಿತಿಯನ್ನು ಗೊತ್ತುಮಾಡುವುದು. ಈ ನಿಯಮವನ್ನು ಜರ್ಮನಿಯ ಸ್ಪ್ರೆಂಗೆಲ್ ಎಂಬ ವಿದ್ವಾಂಸನು ೧೮೨೮ರಲ್ಲಿ ಹೇಳಿದನು. ೧೮೪೦ರ ಬಳಿಕ ಲೀಬಿಗ್ ಎಂಬವನು ಅದನ್ನು ಪ್ರಚಾರಕ್ಕೆ ತಂದ ಕಾರಣ ಲೀಬಿಗನ ಹೆಸರೇ ನಿಂತುಹೋಯಿತು. ಹಲಗೆಗಳನ್ನು ಜೋಡಿಸಿ ಕಟ್ಟಿದ ಪೀಪಾಯಿಯಲ್ಲಿ ಒಂದು ಹಲಗೆ ಮೋಟಾಗಿದ್ದರೆ ನೀರು ಅಷ್ಟೇ ಎತ್ತರಕ್ಕೆ ನಿಲ್ಲುವುದು. ಬೇರೆ ಹಲಗೆಗಳನ್ನು ಎಷ್ಟು ಉದ್ದಮಾಡಿದರೂ ವ್ಯರ್ಥ. ಮೀನಿನ ಕಶ್ಮಲದಲ್ಲಿ ಸಾರಜನಕವೂ ರಂಜಕವೂ ತಕ್ಕಮಟ್ಟಿಗೆ ಇವೆ. ಪೊಟ್ಯಾಸಿಯಮ್ಮೂ ಗಿಡವು ಹೀರಬಲ್ಲ ರೂಪದ ಕಬ್ಬಿಣವೂ ಸಾಲದು. ಇದೇ ಮೋಟು ಹಲಗೆ. ನಮ್ಮ ಪೋಷಕರ ಪ್ರಶ್ನೆಗೆ ಇದು ಉತ್ತರದ ಅರ್ಧಭಾಗ.

ಕೊರತೆಯು ಯಾವುದರದ್ದೆಂಬುದನ್ನು ಗಿಡವೇ ತಿಳಿಸುವುದು. ಅದನ್ನು ಓದುವ ವಿಧಾನವು ಬಹಳ ಸುಲಭ: ಕೆಟ್ಟದ್ದು ಹಳೆಯ ಎಲೆಯೋ ಹೊಸ ಎಲೆಯೋ ಎಂದು ಮೊದಲು ನೋಡಬೇಕು. ಸಾರಜನಕ, ರಂಜಕ, ಪೊಟ್ಯಾಸಿಯಮ್, ಮೆಗ್ನೀಸಿಯಮ್ ಇವನ್ನು ಗಿಡವು ಒಂದು ಎಲೆಯಿಂದ ಇನ್ನೊಂದಕ್ಕೆ ಸಾಗಿಸಬಲ್ಲುದು. ಬರಗಾಲದಲ್ಲಿ ತಾಯಿಯು ತನ್ನ ತಟ್ಟೆಯ ತುತ್ತನ್ನು ಮಗುವಿಗೆ ಕೊಡುವಂತೆ, ಕೊರತೆಯುಂಟಾದಾಗ ಹಳೆಯ ಎಲೆಯು ತನ್ನದನ್ನು ಚಿಗುರಿಗೆ ಬಿಟ್ಟುಕೊಟ್ಟು ತಾನು ಬಾಡುವುದು. ಕೆಳಗಿನ ಎಲೆಗಳು ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆ. ಸೂಜಿಯಿಂದ ಚುಚ್ಚಿದಂತೆ ಸಣ್ಣ ತೂತುಗಳು ಬಿದ್ದು ಅವುಗಳ ಅಂಚು ಹಳದಿಗಟ್ಟಿದರೆ ಪೊಟ್ಯಾಸಿಯಮ್ಮಿನ ಕೊರತೆ. ನರಗಳು ಹಸುರಾಗಿ ಉಳಿದು ನಡುವಿನ ಭಾಗವು ಬಿಳಿಚಿದರೆ ಮೆಗ್ನೀಸಿಯಮ್ಮಿನದು. ಕಬ್ಬಿಣವನ್ನೂ ಕ್ಯಾಲ್ಸಿಯಮ್ಮನ್ನೂ ಗಿಡವು ಹೀಗೆ ಸಾಗಿಸಲಾರದು. ಒಮ್ಮೆ ಎಲೆಯಲ್ಲಿ ನೆಲೆಸಿದರೆ ಅಲ್ಲಿಯೇ ಉಳಿಯುವುವು. ಆದುದರಿಂದ ಚಿಗುರೇ ಬಿಳಿಚಿಕೊಂಡು ಬಂದರೆ ಕಬ್ಬಿಣವನ್ನೂ, ಚಿಗುರು ಮುರುಟಿ ಸೊಟ್ಟಗಾದರೆ ಕ್ಯಾಲ್ಸಿಯಮ್ಮನ್ನೂ ಸಂಶಯಿಸಬೇಕು. ವಾಯುವು ಒಂದೇ ಸಮನಾಗಿ ದೊರೆಯದಿದ್ದರೂ ಚಿಗುರು ಸೊಟ್ಟಗಾಗುವುದುಂಟು. ಆದ ಕಾರಣ ಲವಣವನ್ನು ದೂರುವುದಕ್ಕೆ ಮುಂಚೆ ಸಿಲಿಂಡರಿನಲ್ಲಿ ವಾಯುವಿದೆಯೇ ಎಂದು ನೋಡುವುದು ಜಾಣತನ. ಕೆಟ್ಟುಹೋದ ಹಳೆಯ ಎಲೆಯು ಮತ್ತೆ ಸರಿಯಾಗುವುದಿಲ್ಲ. ಔಷಧವು ತಗಲಿತೋ ಇಲ್ಲವೋ ಎಂಬುದನ್ನು ಮುಂದೆ ಬರುವ ಎಲೆಯಲ್ಲಿ ನೋಡಬೇಕು. ಅದಕ್ಕೆ ಒಂದೆರಡು ವಾರ ಹಿಡಿಯುವುದು.

ಇನ್ನು ಪಾಚಿಯ ವಿಷಯ. ತೊಟ್ಟಿಯನ್ನಿಟ್ಟವರೆಲ್ಲರಿಗೂ ಇದೇ ಮುಖ್ಯವಾದ ಕಷ್ಟ. ಪಾಚಿಯು ಕಾಣಿಸಿಕೊಂಡ ಕೂಡಲೆ “ಗೊಬ್ಬರ ಹೆಚ್ಚಾಯಿತು, ನಿಲ್ಲಿಸಿಬಿಡಿ” ಎನ್ನುವುದು ಸಾಮಾನ್ಯರ ಮೊದಲನೆಯ ಮಾತು. ಸಾಮಾನ್ಯರು ಮಾತ್ರವಲ್ಲ, ೧೯೯೬ರಲ್ಲಿ ಸಿಯರ್ಸ್ ಮತ್ತು ಕಾನ್ಲಿನ್ ಎಂಬವರು ಬರೆದ ಒಂದು ಪ್ರಸಿದ್ಧ ಲೇಖನದಲ್ಲಿಯೂ ರಂಜಕವನ್ನು ಬಿಗಿಹಿಡಿದರೆ ಪಾಚಿಯನ್ನು ತಡೆಯಬಹುದೆಂಬ ವಾದವಿದ್ದಿತು. ಮಿಕ್ಕ ಲವಣಗಳನ್ನು ಗಿಡಗಳಿಗೆ ಧಾರಾಳವಾಗಿ ಕೊಡಬೇಕೆಂದು ಹೇಳಿದ್ದು ಆ ಲೇಖನದ ದೊಡ್ಡ ಉಪಕಾರ. ಆದರೆ ರಂಜಕದ ವಾದವು ಬಹುಕಾಲ ನಿಲ್ಲಲಿಲ್ಲ. ಅಮೆರಿಕದ ಟಾಮ್ ಬಾರ್ ಎಂಬವರೂ ಅವರ ಜೊತೆಗಾರರೂ ಗಿಡಗಳಿಂದ ತುಂಬಿದ ತೊಟ್ಟಿಗಳಿಗೆ ರಂಜಕದ ಲವಣವನ್ನು ಬೇಕೆಂದೇ ಹಾಕಿ ನೋಡಿದರು; ಪಾಚಿಯು ಬರಲಿಲ್ಲ, ಗಿಡಗಳು ಹುಲುಸಾದುವು. ವಿಚಾರಮಾಡಿ ನೋಡಿದರೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಪಾಚಿಯು ಅತಿ ಸೂಕ್ಷ್ಮವಾದ ಜೀವಿ. ಅದಕ್ಕೆ ಬೇಕಾದ ಅಂಶವು ಎಷ್ಟು ಅಲ್ಪವೆಂದರೆ, ಪಾಚಿಯನ್ನು ಉಪವಾಸದಿಂದ ಕೊಲ್ಲಹೊರಟವನ ತೊಟ್ಟಿಯಲ್ಲಿ ಅದಕ್ಕಿಂತ ಬಹಳ ಮುಂಚೆಯೇ ಗಿಡಗಳು ಸೊರಗಿರುವುವು. ಸೊರಗಿದ ಎಲೆಯು ಸೋರತೊಡಗುವುದು, ಕೊಳೆಯುವುದು, ಆ ಎಲೆಯ ಮೇಲೆಯೇ ಪಾಚಿಯು ಮನೆಮಾಡುವುದು. ಗಾಜಿನ ಮೇಲೂ ನಿಧಾನವಾಗಿ ಬೆಳೆಯುವ ದಪ್ಪ ಎಲೆಗಳ ಮೇಲೂ ಗಟ್ಟಿಯಾದ ಹಸುರು ಚುಕ್ಕೆಗಳು ಕಟ್ಟಿದಾಗ ರಂಜಕವನ್ನು ಹೆಚ್ಚಿಸಿದರೆ ಅವು ಕಡಿಮೆಯಾಗುವುದನ್ನು ಅನೇಕರು ಕಂಡಿದ್ದಾರೆ. ಪಾಚಿಗೆ ಕಾರಣವಾಗುವುದು ಬಹುತೇಕವಾಗಿ ಅತಿಬೆಳಕು, ವಾಯುವಿನ ಏರಿಳಿತ, ಕೊಳೆತ ಎಲೆ, ತುಂಬ ಹಾಕಿದ ಮೀನಿನ ಆಹಾರ, ಅದರಿಂದ ಹುಟ್ಟುವ ಅಮೋನಿಯಾ ಇವೇ. ಆದುದರಿಂದ ಪಾಚಿಯನ್ನು ಕಂಡಾಗ ನಾವು ಗೊಬ್ಬರದ ಶೀಸೆಯನ್ನು ಮುಚ್ಚಿಡುವುದಿಲ್ಲ. ದೀಪದ ಕಾಲವನ್ನು ಎಂಟು ಗಂಟೆಯಿಂದ ಆರಕ್ಕೆ ಇಳಿಸಿ, ಕೆಟ್ಟ ಎಲೆಗಳನ್ನು ಕತ್ತರಿಸಿ, ನೀರನ್ನು ಬದಲಾಯಿಸುತ್ತೇವೆ.

ಯಾವ ಗೊಬ್ಬರವನ್ನು ಹಾಕಬೇಕೆಂಬುದರಲ್ಲಿ ನಮ್ಮ ದೇಶದ ಮನೆಗಳಲ್ಲಿ ಒಂದು ಅಪಾಯವುಂಟು. ಹೊಲಕ್ಕೆ ಹಾಕುವ ಯೂರಿಯಾವನ್ನೋ ಕೊಟ್ಟಿಗೆಯ ಗೊಬ್ಬರವನ್ನೋ ಒಂದು ಚಿಟಿಕೆ ತೊಟ್ಟಿಗೆ ಹಾಕಿದರೇನೆಂದು ತೋರುವುದು ಸಹಜ. ಹಾಗೆ ಎಂದಿಗೂ ಮಾಡಕೂಡದು. ಯೂರಿಯಾದ ನೂರು ಪಾಲಿನಲ್ಲಿ ನಾಲ್ವತ್ತಾರು ಪಾಲು ಸಾರಜನಕ. ಒಂದು ಗ್ರಾಮ್ ಯೂರಿಯಾ ನೂರು ಲೀಟರು ನೀರಿಗೆ ಬಿದ್ದು, ಸೂಕ್ಷ್ಮಜೀವಿಗಳಿಂದ ಅಮೋನಿಯಾ ಆಗಿ ಮಾರ್ಪಟ್ಟರೆ, ಲೀಟರಿಗೆ ೪.೬ ಮಿಲಿಗ್ರಾಮಿನಷ್ಟು ಅಮೋನಿಯಾ ರೂಪದ ಸಾರಜನಕವುಂಟಾಗುವುದು. ಕ್ಷಾರಗುಣದ ನೀರಿನಲ್ಲಿ ಇದು ಮೀನುಗಳಿಗೆ ಮರಣವೇ ಸರಿ. ಹೊಲದಲ್ಲಿ ಮಣ್ಣು ಅದನ್ನು ಹಿಡಿದಿಡುವುದು. ಹೊಲದೊಳಗೆ ಉಸಿರಾಡುವ ಮೀನಿಲ್ಲ. ಆದ ಕಾರಣ ತೊಟ್ಟಿಗೆ ಸಾರಜನಕವನ್ನು ನೈಟ್ರೇಟಿನ ರೂಪದಲ್ಲಿ ಕೊಡುವುದು ಕ್ಷೇಮ. ಪೊಟ್ಯಾಸಿಯಮ್ ನೈಟ್ರೇಟೂ ಮೋನೋ ಪೊಟ್ಯಾಸಿಯಮ್ ಫಾಸ್ಫೇಟೂ ಈ ಕೆಲಸಕ್ಕೆ ಒದಗುವ ಎರಡು ಲವಣಗಳು. ದ್ರಾಕ್ಷಿ, ದಾಳಿಂಬೆ ಬೆಳೆಯುವ ರೈತರ ಮನೆಯಿಂದ ಬಂದ ಹುಡುಗಿಯರಿಗೆ ಇವು ಹೊಸವಲ್ಲ. ಹನಿ ನೀರಾವರಿಗೆ ಬಳಸುವ, ನೀರಿನಲ್ಲಿ ಕರಗುವ ಗೊಬ್ಬರಗಳಾಗಿ ೧೩-೦-೪೫ ಮತ್ತು ೦-೫೨-೩೪ ಎಂಬ ಅಂಕಿಗಳಿಂದ ಅವರು ಬಲ್ಲರು. ವಿದೇಶದ ಬಣ್ಣಬಣ್ಣದ ಶೀಸೆಗಳಲ್ಲಿ ದುಬಾರಿ ಬೆಲೆಗೆ ಮಾರುವ ದ್ರಾವಣಗಳಲ್ಲಿಯೂ ಬಹುಮಟ್ಟಿಗೆ ಇಂಥ ಲವಣಗಳೇ ನೀರಿನಲ್ಲಿ ಕರಗಿರುವುವು. ಶೀಸೆಯ ನೀರಿಗೆ ಹಣ ಕೊಡುವುದು ನಮ್ಮ ಶಾಲೆಯ ಲೆಕ್ಕಕ್ಕೆ ಹೊಂದುವುದಿಲ್ಲ.

ಚೀಲದ ಮೇಲಿನ ಅಂಕಿಗಳನ್ನು ಓದುವುದಕ್ಕೆ ಸ್ವಲ್ಪ ರಸಾಯನಶಾಸ್ತ್ರವು ಬೇಕು. ೧೩ ಎಂಬುದು ಸಾರಜನಕದ ಪಾಲೇ ಹೊರತು ನೈಟ್ರೇಟಿನದಲ್ಲ. ಸಾರಜನಕದ ೧೪ ಭಾಗಕ್ಕೆ ನೈಟ್ರೇಟಿನ ೬೨ ಭಾಗವಾಗುವ ಕಾರಣ ಅದನ್ನು ೪.೪೩ರಿಂದ ಗುಣಿಸಬೇಕು, ಹಾಗೆ ಗುಣಿಸಿದರೆ ನೂರಕ್ಕೆ ಸುಮಾರು ೫೭.೬ ಪಾಲು ನೈಟ್ರೇಟ್. ನಮ್ಮ ತೊಟ್ಟಿಗೆ ವಾರಕ್ಕೆ ಲೀಟರಿಗೆ ೨೦ ಮಿಲಿಗ್ರಾಮ್ ನೈಟ್ರೇಟ್ ಬೇಕೆಂದು ಗೊತ್ತುಮಾಡಿಕೊಂಡಿದ್ದೇವೆ. ನೂರು ಲೀಟರಿಗೆ ಎರಡು ಗ್ರಾಮ್ ನೈಟ್ರೇಟ್; ಅದಕ್ಕೆ ಗೊಬ್ಬರವು ಮೂರುವರೆ ಗ್ರಾಮಿನಷ್ಟು. ಇದನ್ನು ಮೂರು ಸಲ ಹಂಚಿದರೆ ಸಲಕ್ಕೆ ೧.೨ ಗ್ರಾಮ್. ಅಡಿಗೆಮನೆಯ ತಕ್ಕಡಿಯು ಇಷ್ಟು ಸಣ್ಣ ತೂಕವನ್ನು ನಂಬಿಕೆಯಾಗಿ ತೂಗಲಾರದು. ಆದುದರಿಂದ ೩೬ ಗ್ರಾಮನ್ನು ೩೦೦ ಮಿಲಿಲೀಟರು ದ್ರಾವಣವಾಗುವಂತೆ ಶುದ್ಧೀಕರಿಸಿದ ನೀರಿನಲ್ಲಿ ಕರಗಿಸಿಟ್ಟರೆ, ಹತ್ತು ಮಿಲಿಲೀಟರಿನಲ್ಲಿ ಬೇಕಾದ ೧.೨ ಗ್ರಾಮ್ ತಾನಾಗಿ ಬರುವುದು. ರಂಜಕದ ಲವಣವನ್ನು ಇದೇ ಶೀಸೆಗೆ ೩ ಗ್ರಾಮ್ ಸೇರಿಸಿದರೆ, ಹತ್ತು ಮಿಲಿಲೀಟರಿಗೆ ೦.೧ ಗ್ರಾಮಾಗಿ, ವಾರಕ್ಕೆ ಲೀಟರಿಗೆ ಸುಮಾರು ೨ ಮಿಲಿಗ್ರಾಮ್ ಫಾಸ್ಫೇಟು ದೊರೆಯುವುದು. ಎರಡು ಲವಣಗಳಲ್ಲಿಯೂ ಪೊಟ್ಯಾಸಿಯಮ್ ಇರುವುದರಿಂದ ಅದೂ ಲೀಟರಿಗೆ ೧೪ ಮಿಲಿಗ್ರಾಮಿನಷ್ಟು ಒಳಗೆ ಬಂದಿರುವುದು. ಸೋಮವಾರ, ಬುಧವಾರ, ಶುಕ್ರವಾರಗಳಲ್ಲಿ ಈ ಶೀಸೆ. ಮಂಗಳವಾರ, ಗುರುವಾರ, ಶನಿವಾರಗಳಲ್ಲಿ ಕಬ್ಬಿಣವೂ ಇತರ ಸೂಕ್ಷ್ಮಾಂಶಗಳೂ ಇರುವ ಇನ್ನೊಂದು ಶೀಸೆ. ಆದಿತ್ಯವಾರ ತೊಟ್ಟಿಗೂ ವಿಶ್ರಾಂತಿ.

“ಹೀಗೆ ವಾರವಾರವೂ ಹಾಕುತ್ತಿದ್ದರೆ ಅದು ಕೂಡುತ್ತಾ ಹೋಗಿ ಒಂದು ದಿನ ವಿಷವಾಗುವುದಿಲ್ಲವೆ?” ಎಂಬ ಪ್ರಶ್ನೆಯನ್ನು ಪ್ರತಿ ವರ್ಷವೂ ಯಾವಳಾದರೂ ಒಬ್ಬ ಹುಡುಗಿಯು ಕೇಳುವಳು, ಕೇಳದಿದ್ದರೆ ನಮಗೆ ವ್ಯಸನವಾಗುವುದು. ಇದಕ್ಕೆ ಉತ್ತರವನ್ನು ನಾವು ಹೇಳದೆ ಸ್ಲೇಟಿನ ಮೇಲೆ ಅವಳಿಂದಲೇ ಹೇಳಿಸುವೆವು. ಗಿಡಗಳು ಒಂದು ಕಣವನ್ನೂ ಹೀರಲಿಲ್ಲವೆಂದೇ ಇಟ್ಟುಕೊಳ್ಳೋಣ. ಮೊದಲನೆಯ ವಾರದ ಕೊನೆಗೆ ನೈಟ್ರೇಟ್ ೨೦. ಅರ್ಧ ನೀರನ್ನು ತೆಗೆದಾಗ ಅದರೊಡನೆ ಅರ್ಧ ಲವಣವೂ ಹೋಗಿ ೧೦ ಉಳಿಯಿತು. ಎರಡನೆಯ ವಾರ ೨೦ ಸೇರಿ ೩೦. ಅದರ ಅರ್ಧ ೧೫, ೨೦ ಸೇರಿ ೩೫. ಮುಂದೆ ೩೭.೫, ಅದರ ಮುಂದೆ ೩೮.೭೫. ಹೀಗೆ ನೂರು ವಾರ ನಡೆದರೂ ೪೦ನ್ನು ಮೀರುವುದಿಲ್ಲ. ಒಂದು ವಾರದಲ್ಲಿ ಹಾಕಿದ್ದನ್ನು ಬದಲಾಯಿಸಿದ ನೀರಿನ ಭಿನ್ನರಾಶಿಯಿಂದ ಭಾಗಿಸಿದರೆ ಆ ಮೇಲ್ಮಿತಿಯು ಸಿಕ್ಕುವುದು: ಅರ್ಧ ನೀರಾದರೆ ೪೦, ಕಾಲು ಭಾಗವಾದರೆ ೮೦. ಮೀನು ಕೊಡುವುದು ಇದಕ್ಕೆ ಸ್ವಲ್ಪ ಕೂಡುವುದು, ಗಿಡ ಉಣ್ಣುವುದು ಅದಕ್ಕಿಂತ ಹೆಚ್ಚಾಗಿ ಕಳೆಯುವುದು. ಸಾಮಾನ್ಯವಾಗಿ ಸಾಕುವ ಮೀನುಗಳಿಗೆ ೪೦ ಬಾಧಕವಲ್ಲ. ಟಾಮ್ ಬಾರ್ ಅವರು ೨೦೦೦ದ ದಶಕದಲ್ಲಿ ಪ್ರಚಾರಕ್ಕೆ ತಂದ ಅಂದಾಜು ಪದ್ಧತಿಯ ಬುಡವೆಲ್ಲ ಈ ಗಣಿತವೇ. ಬೆಲೆಬಾಳುವ ಪರೀಕ್ಷಾ ಸಾಮಗ್ರಿಗಳಿಂದ ದಿನವೂ ನೀರನ್ನು ಅಳೆಯುವ ಬದಲು, ಸ್ವಲ್ಪ ಧಾರಾಳವಾಗಿ ಹಾಕಿ, ವಾರಕ್ಕೊಮ್ಮೆ ಅರ್ಧ ನೀರನ್ನು ಚೆಲ್ಲಿ ಲೆಕ್ಕವನ್ನು ಹೊಸದಾಗಿ ಆರಂಭಿಸುವುದು. ಗುಣೋತ್ತರ ಶ್ರೇಢಿಯ ಅಧ್ಯಾಯವನ್ನು ಕಂಡರೆ ಹೆದರುತ್ತಿದ್ದ ಹುಡುಗಿಯರು ಈ ತೊಟ್ಟಿಯ ಮುಂದೆ ಅದನ್ನು ಅರಿತುಕೊಂಡದ್ದನ್ನು ನಾವು ಕಂಡಿದ್ದೇವೆ.

ಈ ಲೆಕ್ಕವು ಸರಿಯಾಗಬೇಕಾದರೆ ತುಂಬುವ ನೀರಿನಲ್ಲಿ ಮೊದಲೇ ಏನಿದೆ ಎಂಬುದು ಗೊತ್ತಿರಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದು. ಅದನ್ನು ಹೋಗಲಾಡಿಸಲು ಹಿಂದೆ ಛಾಯಾಗ್ರಾಹಕರು ಹೈಪೋ ಎಂದು ಕರೆಯುತ್ತಿದ್ದ ಸೋಡಿಯಮ್ ಥಯೋಸಲ್ಫೇಟ್ ಸ್ವಲ್ಪ ಸಾಕು. ಕೊಳವೆಬಾವಿಯ ನೀರು ಗಡಸಾಗಿದ್ದರೆ ಕ್ಯಾಲ್ಸಿಯಮ್ಮೂ ಮೆಗ್ನೀಸಿಯಮ್ಮೂ ಸಾಮಾನ್ಯವಾಗಿ ಅದರಲ್ಲಿಯೇ ಇರುವುವು. ಮೆದುನೀರಿನ ಸೀಮೆಯಲ್ಲಿ ಇವನ್ನೂ ಹಾಕಬೇಕಾದೀತು. ಆದರೆ ನೈಟ್ರೇಟನ್ನು ಪರೀಕ್ಷಿಸದೆ ನಂಬಕೂಡದು. ಕರ್ನಾಟಕದ ಒಳನಾಡಿನ ಅನೇಕ ಕಡೆಗಳಲ್ಲಿ, ಹೊಲದ ಗೊಬ್ಬರದಿಂದಲೂ ಕಕ್ಕಸಿನ ಗುಂಡಿಗಳಿಂದಲೂ, ಅಂತರ್ಜಲದಲ್ಲಿ ನೈಟ್ರೇಟ್ ಬಹಳ ಹೆಚ್ಚಿರುವುದು. ಕುಡಿಯುವ ನೀರಿಗೆ ಭಾರತೀಯ ಮಾನಕವು ವಿಧಿಸಿರುವ ಮಿತಿ ಲೀಟರಿಗೆ ೪೫ ಮಿಲಿಗ್ರಾಮ್. ಅಂಥ ನೀರನ್ನು ತುಂಬಿದರೆ ಮೇಲೆ ಹೇಳಿದ ೪೦ಕ್ಕೆ ಇನ್ನೊಂದು ೪೫ ಕೂಡಿತು. ಅಲ್ಲಿ ಪೊಟ್ಯಾಸಿಯಮ್ ನೈಟ್ರೇಟನ್ನು ಬಿಟ್ಟು ಪೊಟ್ಯಾಸಿಯಮ್ ಸಲ್ಫೇಟನ್ನು ಹಾಕುವುದು ವಿವೇಕ.

ಈ ಪರೀಕ್ಷೆಯನ್ನು ಕಲಿಸುವಾಗ ಹುಡುಗಿಯರಿಗೆ ತಮ್ಮ ತಮ್ಮ ಮನೆಯ ನೀರನ್ನು ಶೀಸೆಯಲ್ಲಿ ತರಲು ಹೇಳುವುದು ನಮ್ಮಲ್ಲಿ ವಾಡಿಕೆ. ಒಂದು ವರ್ಷ ಒಬ್ಬಳು ತಂದ ಕೊಳವೆಬಾವಿಯ ನೀರು ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕಡುಗೆಂಪಿಗೆ ತಿರುಗಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಟೀಚರ್, ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ. ಅಮ್ಮ ಈ ನೀರನ್ನೇ ಚೆನ್ನಾಗಿ ಕುದಿಸಿ ಆರಿಸಿ ಪಾಪುವಿಗೆ ಹಾಲಿನ ಪುಡಿ ಕಲಸಿ ಕೊಡುತ್ತಾರೆ” ಎಂದಳು. ಕುದಿಸಿದರೆ ರೋಗದ ಕ್ರಿಮಿಗಳು ಸಾಯುವುವು. ನೈಟ್ರೇಟ್ ಎಲ್ಲಿಗೂ ಹೋಗುವುದಿಲ್ಲ, ನೀರು ಆವಿಯಾಗಿ ಇಂಗಿದಷ್ಟೂ ಅದು ಗಟ್ಟಿಯಾಗುವುದು. ಆರು ತಿಂಗಳೊಳಗಿನ ಕೂಸಿನ ದೇಹದಲ್ಲಿ ಅದು ರಕ್ತದ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸಿ, ತುಟಿ ಉಗುರುಗಳು ನೀಲಿಗಟ್ಟುವಂತೆ ಮಾಡಬಲ್ಲುದು. ಆ ದಿವಸವೇ ಅವಳ ತಾಯಿಯನ್ನು ಕರೆಸಿ ಮಾತನಾಡಿದೆವು. ಮೀನುತೊಟ್ಟಿಯ ಬಣ್ಣದ ಪರೀಕ್ಷೆಯನ್ನೇ ಕೊನೆಯ ತೀರ್ಪೆಂದು ಇಟ್ಟುಕೊಳ್ಳಬಾರದೆಂದೂ, ನೀರನ್ನು ಸರಕಾರದ ಪ್ರಯೋಗಶಾಲೆಗೆ ಕಳುಹಿಸಬೇಕೆಂದೂ, ವರದಿ ಬರುವ ತನಕ ಕೂಸಿಗೆ ಬೇರೆ ನೀರನ್ನು ಬಳಸಬೇಕೆಂದೂ ಹೇಳಿದೆವು. ವರದಿಯಲ್ಲಿಯೂ ಅಂಕಿಯು ಮಿತಿಯನ್ನು ಮೀರಿಯೇ ಇದ್ದಿತು. ಮಗುವಿಗೆ ಏನೂ ಆಗಿರಲಿಲ್ಲ. ಆ ಮೇಲೆ ಈ ತೊಟ್ಟಿಯ ಖರ್ಚಿನ ಬಗ್ಗೆ ಆ ಮನೆಯವರು ನಮ್ಮನ್ನು ಕೇಳಲಿಲ್ಲ.

ಕಬ್ಬಿಣಕ್ಕೆ ಬೇರೆ ಶೀಸೆಯೇಕೆಂದರೆ, ಕಬ್ಬಿಣವೂ ಫಾಸ್ಫೇಟೂ ಒಂದೆಡೆ ಗಟ್ಟಿಯಾಗಿ ಸೇರಿದರೆ ಒಂದನ್ನೊಂದು ಹಿಡಿದು ಕರಗದ ಗಸಿಯಾಗುವುವು. ಗಿಡಕ್ಕೆ ಎರಡೂ ದೊರೆಯವು. ಬರಿಯ ಕಬ್ಬಿಣದ ಲವಣವು ತೊಟ್ಟಿಯ ನೀರಿನಲ್ಲಿ ಬೇಗನೆ ತುಕ್ಕಾಗುವುದರಿಂದ, ಅದನ್ನು ಇಕ್ಕಳದಂತೆ ಹಿಡಿದಿಡುವ ಡಿ.ಟಿ.ಪಿ.ಎ. ಮೊದಲಾದ ಸಂಯುಕ್ತಗಳೊಡನೆ ಕಟ್ಟಿದ ಕಬ್ಬಿಣವನ್ನು ಬಳಸಬೇಕು. ಹೆಚ್ಚು ಅಗ್ಗವಾದ ಇ.ಡಿ.ಟಿ.ಎ. ಎಂಬುದು ಪಿ.ಎಚ್. ಆರೂವರೆಯನ್ನು ಮೀರಿದ ನೀರಿನಲ್ಲಿ ಕಬ್ಬಿಣವನ್ನು ಬಹಳ ಹೊತ್ತು ಹಿಡಿದಿರಲಾರದು. ಸೂಕ್ಷ್ಮಾಂಶಗಳಲ್ಲಿ ತಾಮ್ರವೂ ಇರುವ ಕಾರಣ ಈ ಶೀಸೆಯ ವಿಷಯದಲ್ಲಿ ಮಾತ್ರ ಧಾರಾಳತನವು ಸಲ್ಲದು. ಮೀನಿಗಿಂತ ಮೊದಲು ಸಿಗಡಿಗಳೂ ಬಸವನ ಹುಳಗಳೂ ಸಾಯುವುವು. ಕಬ್ಬಿಣವನ್ನು ಹೆಚ್ಚಿಸಿದರೆ ಕೆಂಪು ಗಿಡಗಳು ಇನ್ನೂ ಕೆಂಪಾಗುವುವೆಂಬ ನಂಬಿಕೆಯ ಬಗ್ಗೆಯೂ ಒಂದು ಮಾತು. ನಮ್ಮ ದಕ್ಷಿಣ ಭಾರತದ್ದೇ ಆದ ರೊಟಾಲಾ ಮ್ಯಾಕ್ರಾಂಡ್ರಾ ಎಂಬ ಚೆಲುವಾದ ಕೆಂಪು ಗಿಡವು ಇಂದು ಲೋಕದ ಎಲ್ಲ ಕಡೆಗಳ ತೊಟ್ಟಿಗಳಲ್ಲಿದೆ. ಕಬ್ಬಿಣವಿಲ್ಲದಿದ್ದರೆ ಇಂಥ ಗಿಡಗಳು ಬಿಳಿಚುವುದು ನಿಜ. ಆದರೆ ಸಾಕಷ್ಟು ಇರುವಾಗ ಇನ್ನಷ್ಟು ಸುರಿದರೆ ಬಣ್ಣವೇರುವುದಿಲ್ಲ. ಬಣ್ಣವನ್ನು ಏರಿಸುವುದು ಹೆಚ್ಚಾಗಿ ಬೆಳಕು. ರೊಟಾಲಾ ಜಾತಿಯ ಕೆಲವು ಗಿಡಗಳಲ್ಲಿ ನೈಟ್ರೇಟನ್ನು ತುಸು ಬಿಗಿಹಿಡಿಯುವುದೂ ಬಣ್ಣಕ್ಕೆ ಸಹಾಯ ಮಾಡುವುದು.

ಅಮಾನೊ ಅವರ ಪದ್ಧತಿಯಲ್ಲಿ ಇದಕ್ಕೆ ಬೇರೆ ದಾರಿಯುಂಟು. ಸಾರವತ್ತಾದ ಮಣ್ಣನ್ನು ಕಾಳುಗಳಾಗಿ ಮಾಡಿ ಸುಟ್ಟು ತಳದಲ್ಲಿ ಹಾಸಿ, ನೀರನ್ನು ಬಡವಾಗಿಡುವರು. ಬೇರುಗಳು ಮಣ್ಣಿನಿಂದ ಉಣ್ಣುವುವು. ನೋಟಕ್ಕೆ ಅದೇ ಸೊಗಸು. ಆದರೆ ಆ ಮಣ್ಣು ದುಬಾರಿ. ಮೊದಲನೆಯ ಕೆಲವು ವಾರ ಅಮೋನಿಯಾವನ್ನು ಬಿಡುವ ಕಾರಣ ಅದು ಇಳಿಯುವವರೆಗೆ ಮೀನುಗಳನ್ನು ಬಿಡಕೂಡದು. ಒಂದೆರಡು ವರ್ಷಗಳಲ್ಲಿ ಸಾರವು ತೀರಿಹೋಗುವುದು. ಶಾಲೆಗೆ ನಾವು ಅಂದಾಜು ಪದ್ಧತಿಯನ್ನೇ ಆರಿಸಿಕೊಂಡೆವು. ಅದರ ಮೇಲೆ ಹೇಳಬಹುದಾದ ಒಂದೇ ಆಕ್ಷೇಪಣೆಯು ನೀರಿನ ವೆಚ್ಚ. ವಾರಕ್ಕೆ ಐವತ್ತು ಲೀಟರು, ಎಂದರೆ ಮೂರು ನಾಲ್ಕು ಕೊಡ. ಹೊರತೆಗೆದ ನೀರು ಗೊಬ್ಬರದ ನೀರೇ ಆದುದರಿಂದ ಅದನ್ನು ಶಾಲೆಯ ಕರಿಬೇವಿಗೂ ದಾಸವಾಳಕ್ಕೂ ಹೊಯ್ಯುತ್ತೇವೆ. ಒಂದು ತಂಬಿಗೆಯೂ ಮೋರಿಗೆ ಹೋಗುವುದಿಲ್ಲ. ಆದರೂ ೨೦೨೪ರ ಬೇಸಗೆಯಲ್ಲಿ ಬೆಂಗಳೂರಿನಲ್ಲಿ ಕೊಳವೆಬಾವಿಗಳು ಬತ್ತಿ ಜನರು ಟ್ಯಾಂಕರಿಗೆ ಕಾದು ನಿಂತಂಥ ಕಾಲದಲ್ಲಿ ಮೂರು ಕೊಡವೂ ಮೂರು ಕೊಡವೇ. ಅಂಥ ಸಮಯದಲ್ಲಿ ನೀರು ಬದಲಾಯಿಸುವುದನ್ನು ಮಾತ್ರ ನಿಲ್ಲಿಸಿ ಗೊಬ್ಬರವನ್ನೂ ದೀಪವನ್ನೂ ಹಾಗೆಯೇ ನಡೆಸುವುದು ಸರಿಯಲ್ಲ. ಮೇಲೆ ಹೇಳಿದ ಭಿನ್ನರಾಶಿಯು ಕಿರಿದಾದರೆ ಮೇಲ್ಮಿತಿಯು ಏರುವುದಷ್ಟೆ. ಮೊದಲು ಬೆಳಕನ್ನು ತಗ್ಗಿಸಬೇಕು. ಬೆಳಕು ತಗ್ಗಿದರೆ ಹಸಿವು ತಗ್ಗುವುದು. ಹಸಿವು ತಗ್ಗಿದರೆ ಗೊಬ್ಬರವನ್ನೂ, ಗೊಬ್ಬರ ತಗ್ಗಿದರೆ ನೀರನ್ನೂ ತಗ್ಗಿಸಬಹುದು. ಮನೆಯಲ್ಲಿ ತೊಟ್ಟಿಯನ್ನಿಡಬೇಕೆನ್ನುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ, ನೀರಿನ ಅನುಕೂಲವಿಲ್ಲದಿದ್ದರೆ, ಸಿಲಿಂಡರಿನ ಗೊಡವೆಯೇ ಬೇಡವೆಂದೂ, ಮಂದ ಬೆಳಕಿನಲ್ಲಿ ಬೆಳೆಯುವ ವ್ಯಾಲಿಸ್ನೇರಿಯಾವೋ ಜಾವಾ ಫರ್ನೋ ಸಾಕೆಂದೂ ನಾವು ಹೇಳುತ್ತೇವೆ.

ದಸರೆಯ ರಜದಲ್ಲಿ ತೊಟ್ಟಿಯ ಪೂರ್ಣ ಉಪಚಾರವನ್ನು ನಡೆಸುವವರಿರುವುದಿಲ್ಲ. ರಜಕ್ಕೆ ಮುಂಚಿನ ವಾರ ಗಿಡಗಳನ್ನು ಚೆನ್ನಾಗಿ ಕತ್ತರಿಸಿ, ಅರ್ಧ ನೀರನ್ನು ಬದಲಾಯಿಸಿ, ದೀಪದ ಕಾಲವನ್ನು ದಿನಕ್ಕೊಂದು ಗಂಟೆಯಂತೆ ಇಳಿಸುತ್ತಾ ನಾಲ್ಕು ಗಂಟೆಗೆ ತರುತ್ತೇವೆ; ಬೆಳಕಿನ ತೀಕ್ಷ್ಣತೆಯನ್ನೂ ಅರ್ಧಮಾಡುತ್ತೇವೆ. ಸಿಲಿಂಡರನ್ನು ಪೂರ್ಣವಾಗಿ ಮುಚ್ಚಿ ಬೀಗ ಹಾಕುವೆವು. ನೋಡುವ ಕಣ್ಣಿಲ್ಲದ ಕಡೆ ವಾಯುವನ್ನು ಬಿಡುವುದು ತಕ್ಕದ್ದಲ್ಲ. ಎರಡು ಶೀಸೆಗಳಿಂದಲೂ ವಾರಕ್ಕೊಮ್ಮೆ ಐದೈದು ಮಿಲಿಲೀಟರು ಅಳೆದು ಬೇರೆ ಬೇರೆ ಪುಟ್ಟ ಶೀಸೆಗಳಲ್ಲಿ ತುಂಬಿ, ದಿನದ ಹೆಸರನ್ನು ಬರೆದು, ಮೀನಿನ ಆಹಾರವನ್ನು ದಿನಕ್ಕೊಂದು ಪೊಟ್ಟಣದಂತೆ ಕಟ್ಟಿ ಕಾವಲುಗಾರನ ವಶಕ್ಕೆ ಒಪ್ಪಿಸುತ್ತೇವೆ. ಮಿಕ್ಕ ಆಹಾರದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗದ ಕೈಯನ್ನು ನಾವೇ ಇಟ್ಟುಕೊಳ್ಳುವೆವು. ಕಾವಲುಗಾರನು ಕರುಣೆಯುಳ್ಳವನು, ಮೀನುಗಳು ಗಾಜಿನ ಬಳಿಗೆ ಬಂದರೆ ಅವನಿಗೆ ಮನಸ್ಸು ತಡೆಯುವುದಿಲ್ಲ.